ಹದಿನೇಳನೇ ಗಿಡ

ನಾಲ್ಕೂವರೆಗೆ ಟಾರ್ಚು ಬಾಯಲ್ಲಿ ಕಚ್ಚಿ
ಬೊಳ್ಳಮ್ಮನವರ ಬೇಲಿಗೆ ಹೋಗುತ್ತೇನೆ.
ಪೊನ್ನಂಪೇಟೆಯಲ್ಲಿ ಆ ಹೊತ್ತಿಗೆ ಎದ್ದಿರುವುದು
ಹಾಲಿನ ವ್ಯಾನು, ನಾನು, ಮತ್ತೆ
ಮಡಿಸಿದ ಕೊಡೆಯ ಹಾಗೆ ಸುತ್ತಿಕೊಂಡ ಈ ಮೊಗ್ಗುಗಳು.

ತಡವಾದರೆ ಮುಗಿಯಿತು. ಅರಳುವ ಮೊದಲೇ,
ಒಳಗಿನ ಕತ್ತಲಲ್ಲೇ,
ಐದು ಕೇಸರ ಮೇಲೇರಿ ತಮ್ಮದೇ ಶಲಾಕಾಗ್ರಕ್ಕೆ ಒರಸಿ
ಮದುವೆ ಮುಗಿಸಿಬಿಟ್ಟಿರುತ್ತವೆ.
"ಒಂದೇ ಒಕ್ಕದೊಳಗಾ?" ಎಂದರು ಬೊಳ್ಳಮ್ಮ
ಮೊದಲ ದಿನ ಇದನ್ನು ಹೇಳಿದಾಗ,
"ಅರುವ ಇಲ್ಲ, ಕಲ್ಲು ಎಣಿಸುವುದಿಲ್ಲ, ಛೆ."
ಅವತ್ತಿಂದ ಅವರಿಗೆ ಬಳ್ಳಿಯ ಮೇಲೆ ಸಣ್ಣ ಮುನಿಸು.

ಹಾಗಾಗಿ ನಾನೇ ಅರುವ.
ಹುಬ್ಬು ಕೀಳುವ ಚಿಮಟದಲ್ಲಿ
ಒಂದರ ಕೇಸರ ಕಿತ್ತು, ಇನ್ನೊಂದರ ಹುಡಿ ತಂದು ಮುಟ್ಟಿಸಿ,
ಕಾಳುಮೆಣಸಿನ ಸ್ಯಾಂಪಲ್ ಕವರು ತೊಡಿಸಿ ದಾರ ಕಟ್ಟುತ್ತೇನೆ.
ನೀಲಿಗೆ ಬಿಳಿ. ಬಿಳಿಗೆ ನೀಲಿ.
ಮೊದಲ ವರ್ಷದ ಮಕ್ಕಳೆಲ್ಲ ನೀಲಿ;
ಬಿಳಿ ಎಲ್ಲಿ ಹೋಯಿತು ಎಂದರೆ
ಎಲ್ಲೂ ಹೋಗಿಲ್ಲ, ಮಾತಾಡುತ್ತಿಲ್ಲ, ಅಷ್ಟೆ.
ಎರಡನೇ ವರ್ಷ ಬೇಲಿಯುದ್ದಕ್ಕೂ ಎಣಿಸಿದೆ:
ನಲವತ್ತಾರು ನೀಲಿ, ಹದಿನಾಲ್ಕು ಬಿಳಿ,
ಮತ್ತೆ ಯಾವ ಕಾಲಂಗೂ ಕೂರದ ಹದಿನೇಳನೇ ಗಿಡ.

ಅದರ ಹೂ ಬಿಳಿ. ಬಿಳಿಯ ಮೇಲೆ
ಮಸಿ ಪೆನ್ನು ಕೊಡವಿದಂತೆ ನೀಲಿ ಗೀರು.
ಒಂದರಲ್ಲಿ ಮೂರು, ಪಕ್ಕದ್ದರಲ್ಲಿ ಒಂದೂ ಇಲ್ಲ,
ಇನ್ನೊಂದು ಅರ್ಧಕ್ಕರ್ಧ.
ಬಣ್ಣ ಮಾಡುವ ಜೀನಿನ ನಡುವೆ
ಎಲ್ಲಿಂದಲೋ ಬಂದ ತುಂಡೊಂದು ಕೂತಿದೆ,
ಗೋಣಿಕೊಪ್ಪದ ಬಸ್ಸಿನ ಮೂರು ಜನರ ಸೀಟಿನಲ್ಲಿ
ನಾಲ್ಕನೆಯವನಂತೆ.
ಎಸಳು ಬೆಳೆಯುವಾಗ, ಯಾವುದೋ ಒಂದು ಕೋಶದಲ್ಲಿ,
ಅವನು ಎದ್ದು ಇಳಿದು ಹೋಗುತ್ತಾನೆ.
ಆ ಕೋಶಕ್ಕೆ ನೀಲಿ ನೆನಪಾಗುತ್ತದೆ,
ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಸಾಲಾಗಿ ನೀಲಿ.
ಬೇಗ ಇಳಿದರೆ ಅಗಲ ಪಟ್ಟಿ. ತಡವಾದರೆ ಚುಕ್ಕಿ.
ನಾನು ಗೀರು ಅಳೆಯುವುದೆಂದರೆ
ಅವನು ಇಳಿದಾಗ ಗಂಟೆ ಎಷ್ಟಾಗಿತ್ತು ಎಂದು ಕೇಳುವುದು.

ತೋಡಿನ ಆಚೆ ಕಾಮಲತೆ, ಕೆಂಪು.
ಅದೂ ಈ ಕುಲದ್ದೇ; ಹಿರಿಯರು ನೀಲಿಯೇ ಇದ್ದಿರಬೇಕು.
ನೀಲಿ ಅರೆಯುವ ಒಂದು ಕೈ ನಿಂತುಹೋಗಿ ಕೆಂಪಾದವು,
ದುಂಬಿಯನ್ನು ಬಿಟ್ಟು ಹಕ್ಕಿಯ ಸಹವಾಸ ಹಿಡಿದವು.
ಹಿಂದಕ್ಕೆ ಬರಲಾರವು.
ಯಾರೂ ನಡೆಯದ ಕಾಲುದಾರಿ ಇಲ್ಲಿ
ಎರಡು ಮಳೆಗಾಲಕ್ಕೆ ಕಾಡಾಗುತ್ತದಲ್ಲ,
ಬಳಸದ ಜೀನೂ ಹಾಗೆ.

ಸೆಪ್ಟೆಂಬರ್ ಒಂಬತ್ತು. ಕರೆಂಟಿನವರು
ಲೈನು ಬಿಡಿಸಲು ಬಂದು ಕತ್ತಿ ಬೀಸಿದರು.
ಹದಿನೇಳನೇ ಗಿಡ, ಬುಡದಿಂದ.
ಬೀಜ ಬಲಿಯದ ಕವರುಗಳು ದಾರಸಮೇತ ಚರಂಡಿಯಲ್ಲಿ.
"ಕಾಡುಬಳ್ಳಿ ಅಂತ ಎಣಿಸಿದೆವು ಮೇಡಂ," ಎಂದ ಹುಡುಗ.
ಸುಳ್ಳೇನಲ್ಲ.
ಕತ್ತರಿಸಿದ ಹೂಗಳು ಮಧ್ಯಾಹ್ನದವರೆಗೂ ಬಣ್ಣ ಬದಲಿಸುತ್ತಿದ್ದವು,
ಕಾಚಂಪುಳಿ ಬಿದ್ದಂತೆ ಗೀರುಗಳು ಕೆನ್ನೇರಳೆಗೆ ತಿರುಗಿ.

ಪುತ್ತರಿಯ ರಾತ್ರಿ ಬೊಳ್ಳಮ್ಮ
ಬೆಂದ ಗೆಣಸು ಹಾಕಿ ಮೇಲೆ ಜೇನು ಸುರಿದರು.
ಇದೂ ಅದೇ ಬಳಗ ಎಂದೆ. ನಂಬಲಿಲ್ಲ.
ಅಪರೂಪಕ್ಕೆ ಬಿಟ್ಟಾಗ ಇದರ ಹೂ ನೋಡಿ ಎಂದೆ.
ಮಣ್ಣಿನ ಒಂದು ಸೂಕ್ಷ್ಮಾಣು ಯಾವತ್ತೋ ಬೇರಿಗೆ ನುಗ್ಗಿ
ತನ್ನ ಬರಹದ ನಾಲ್ಕು ಸಾಲು ಒಳಗೇ ಬಿಟ್ಟಿದೆ,
ನಾವು ತಿನ್ನುತ್ತಿರುವುದು ಅದನ್ನೂ ಎಂದೆ.
ಅವರು ಗೆಣಸು ಮುರಿದು ದೀಪಕ್ಕೆ ಹಿಡಿದು ನೋಡಿದರು.
"ಹೊರಗಿನವರೂ ಉಂಟಾ ಒಳಗೆ?
ಇರಲಿ. ಆರುವ ಮೊದಲು ತಿನ್ನು."

ಜೂನಿನಲ್ಲಿ ಚರಂಡಿಯ ಬದಿ
ಚಿಟ್ಟೆಯ ರೆಕ್ಕೆಯಂತೆ ಸೀಳಿದ ಎರಡು ಬೀಜದೆಲೆ.
ಜಿಗಣೆ ಕೊಡವಿ ಕುಕ್ಕರುಗಾಲಲ್ಲಿ ಕೂತು ಪುಸ್ತಕ ತೆಗೆದೆ.
ತಾಯಿ: ಗೊತ್ತಿಲ್ಲ.
ತಂದೆ: ಗೊತ್ತಿಲ್ಲ, ಬಹುಶಃ ತಾನೇ.
ಬಣ್ಣ: ಆಗಸ್ಟಿನಲ್ಲಿ ನೋಡಬೇಕು.