ನಿಂತು ನಿಂತು ಮೇಲೆ ಬಾ

ಚಳಿ ಇಳಿದರೆ ಈಗಲೂ ನನ್ನ ಎಡಗೈ ತೋರುಬೆರಳ ಬುಡ
ಬದನೆಕಾಯಿಯ ಹಾಗೆ ಊದುತ್ತದೆ.
ಟೈರು ಬಿಚ್ಚುವಾಗ ಮುಷ್ಟಿ ಕಟ್ಟುವುದಿಲ್ಲ.
ಏನಿದು ಯೋರ್ಬಿಸ್, ಎಂದು ಮಾಲೀಕ ಕೇಳಿದರೆ
ಲಿಸ್ಟನ್ ಓಮಿಯರ್, ಅನ್ನುತ್ತೇನೆ.
ಯಾವುದೋ ಕಾಯಿಲೆಯ ಹೆಸರೆಂದುಕೊಂಡು
ಪಾಪ, ತಲೆಯಾಡಿಸಿ ಹೋಗುತ್ತಾನೆ.

ಹತ್ತೊಂಬತ್ತರ ಹುಡುಗ, ಬ್ಲೂಫೀಲ್ಡ್ಸ್ ಬಂದರಿನವನು.
ಮೊಂಟಾನಾದಲ್ಲಿ ಬಂದಿಳಿದಾಗ ಚೀಲದಲ್ಲಿ
ಎರಡು ಅಂಗಿ, ಒಂದು ಬೈಬಲ್, ಸೀಸೆಯಲ್ಲಿ ತೆಂಗಿನೆಣ್ಣೆ.
ಜೂನ್ ತಿಂಗಳಲ್ಲೂ ಬೆಟ್ಟದ ನೆತ್ತಿಗೆ ಹಿಮ ಕಂಡು
ಅದನ್ನು ಯಾರೂ ಗುಡಿಸುವುದಿಲ್ಲವೇ, ಎಂದ.
ಅವನು ಎಸೆಯುವವನು, ನಾನು ಹಿಡಿಯುವವನು.
ಅರವತ್ತಡಿ ಮಣ್ಣು ನಡುವೆ,
ಹಿಂದೆ ಗೋಧಿ ಕಣಜದ ನೆರಳು,
ಬೆಂಚುಗಳಲ್ಲಿ ಇನ್ನೂರು ಜನ, ಒಂದು ನಾಯಿ.

ಎಸೆಯಲು ಕಲಿತದ್ದು ದೋಣಿಯಲ್ಲಂತೆ.
ದಕ್ಕೆಗೆ ತಾಗುವ ಮುಂಚೆಯೇ
ಮೇಲೆ ನಿಂತ ಚಿಕ್ಕಮ್ಮನ ಬುಟ್ಟಿಗೆ
ಒಂದೊಂದೇ ಲಾಬ್‌ಸ್ಟರ್ ಎಸೆಯಬೇಕು.
ನೀರಿಗೆ ಬಿದ್ದದ್ದು ಕೂಲಿಯಲ್ಲಿ ಕಳೆ.
ಅಲೆ ಇಳಿಯುವಾಗ ತಡೆ, ಏರಿದಾಗ ಬಿಡು.
ಎತ್ತಿದ ಮೊಣಕಾಲ ಮೇಲೆ ಅವನು ಕಾಯುವ ಆ ಅರೆಗಳಿಗೆಯನ್ನು
ಕೋಚು ಮೂರು ವಾರ ತಿದ್ದಲು ನೋಡಿದ,
ಆಮೇಲೆ ಕೈಬಿಟ್ಟ.
ಬ್ಯಾಟು ಹಿಡಿದವರೆಲ್ಲ
ಇಲ್ಲದ ಅಲೆಗೆ ಬೀಸಿ
ಮುಗ್ಗರಿಸುತ್ತಿದ್ದರು.

ಆಟ ಮುಗಿದರೆ ರಾತ್ರಿಯಿಡೀ ಬಸ್ಸು.
ಊಟಕ್ಕೆಂದು ಕೊಟ್ಟ ಇಪ್ಪತ್ತೈದು ಡಾಲರಿನಲ್ಲಿ
ಅವನು ಬ್ರೆಡ್ಡು, ಬಾಳೆಹಣ್ಣು ತಿಂದು
ಮಿಕ್ಕದ್ದನ್ನು ಕಾಲುಚೀಲಕ್ಕೆ ತುರುಕುತ್ತಿದ್ದ.
ಮಾವನಿಗೆ, ಎಂದ ಒಮ್ಮೆ, ಕಿಟಕಿಗೆ ಹಣೆ ಒತ್ತಿ.
ಲಾಬ್‌ಸ್ಟರಿಗೆ ಮುಳುಗುತ್ತಿದ್ದ ಮಾವ.
ನೂರಿಪ್ಪತ್ತಡಿ ಆಳ, ದಿನಕ್ಕೆ ಹತ್ತು ಸಿಲಿಂಡರು.
ಒಂದು ಮಧ್ಯಾಹ್ನ ಗಾಳಿ ತೀರಿತೆಂದು
ಒಂದೇ ನೆಗೆತಕ್ಕೆ ಮೇಲೆದ್ದ.
ರಕ್ತದಲ್ಲಿ ಗುಳ್ಳೆ ಎದ್ದಿತು.
ಸೊಂಟದಿಂದ ಕೆಳಗೆ ಈಗ ಅವನದಲ್ಲ.

ಭಾನುವಾರ ಭಾನುವಾರ ಆ ಮಾವನ ಫೋನು.
ಎಷ್ಟು ವಿಕೆಟ್, ಎಷ್ಟು ರನ್, ಯಾವುದೂ ಕೇಳುವುದಿಲ್ಲ.
ಎಷ್ಟಡಿಯಲ್ಲಿದ್ದೀ ಈಗ, ಅನ್ನುತ್ತಾನೆ.
ಹಗ್ಗ ಹಿಡಿ. ನಿಲ್ಲು. ಎಣಿಸು.
ಮೇಲಿನ ಬೆಳಕು ಕರೆಯುತ್ತದೆ.
ಕರೆಯಲಿ ಬಿಡು.

ಆಗಸ್ಟಿನ ಒಂದು ಬೆಳಗ್ಗೆ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದ,
ಮೊದಲು ನನ್ನನ್ನು.
ಕೈ ಕುಲುಕಿ, ಒಳ್ಳೆಯ ಹುಡುಗ, ಎಂದ.
ಹಾಗೆಂದರೆ ಏನೆಂದು
ಮರಕೈಬೋದಿಂದ ಇಲ್ಲಿಯವರೆಗೆ ಎಲ್ಲ ಕ್ಯಾಚರ್‌ಗಳಿಗೂ ಗೊತ್ತು.
ನಾನು ಬಾಗಿಲು ದಾಟುವಾಗ ಲಿಸ್ಟನ್ ಒಳಗೆ ಹೋದ.
ಹೊರಬಂದಾಗ ಅವನ ಮುಖ ನನಗಿಂತ ಬಿಳಿಚಿತ್ತು.
ಎರಡು ಮೆಟ್ಟಿಲು ಹಾರಿಸಿದ್ದರು.
ಕೈಯಲ್ಲಿ ವಿಮಾನದ ಟಿಕೆಟ್.

ಅದನ್ನು ಮಡಿಚಿ ಬೈಬಲ್ಲಿನಲ್ಲಿಟ್ಟು
ನನ್ನ ಜೊತೆ ಬಸ್ಸು ಹತ್ತಿದ, ಹುಚ್ಚ.
ಮೂವತ್ತೊಂಬತ್ತು ಗಂಟೆ ದಾರಿ ಅವನಿಗೆ, ನನಗೆ ಒಂಬತ್ತು.
ಬಸ್ಸು ನಿಂತಲ್ಲೆಲ್ಲ ಇಳಿದ.
ಪೆಟ್ರೋಲ್ ಬಂಕು, ಅಂಚೆಕಚೇರಿ, ದನಗಳಿಲ್ಲದ ಕೊಟ್ಟಿಗೆ.
ನೆಲಕ್ಕೆ ಕಾಲೂರಿ, ಕಣ್ಣು ಮುಚ್ಚಿ,
ತುಟಿಯೊಳಗೇ ಎಣಿಸಿ ಮರಳಿ ಹತ್ತಿದ.
ಡ್ರೈವರ್ ಬೈದ. ಒಬ್ಬ ಮುದುಕಿ ಶಿಲುಬೆ ಗೀಚಿಕೊಂಡಳು.
ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ನನ್ನ ಊರು ಬಂದಾಗ, ನನ್ನದೆಂದರೆ
ಅಣ್ಣನ ಗೆಳೆಯನ ಟೈರಂಗಡಿ ಇದ್ದ ಊರು,
ಚೀಲ ಇಳಿಸಿಕೊಂಡು ತಿರುಗಿ ನೋಡಿದೆ.
ಬಸ್ಸಿನ ಮೆಟ್ಟಿಲಲ್ಲಿ ಅವನು, ಕೈಯಲ್ಲೊಂದು ಕಿತ್ತಳೆ.
ಮೊಣಕಾಲೆತ್ತಿದ.
ಸಮುದ್ರ ಅಲ್ಲಿಂದ ಸಾವಿರ ಮೈಲಿ.
ಆದರೂ ಕಾದ,
ಬಸ್ಸಿನಡಿ ಏನೋ ಏರಲೆಂದು ಕಾದ,
ಆಮೇಲೆ ಬಿಟ್ಟ.

ಬರಿಗೈಗೆ ಬಿತ್ತು, ಊದಿದ ಜಾಗಕ್ಕೇ.
ರಸ್ತೆಬದಿಯಲ್ಲಿ ಕೂತು
ಹಲ್ಲಿನಲ್ಲಿ ಸಿಪ್ಪೆ ಸುಲಿದೆ.