ಸೀಟಿಗೂ ರಜಾ

ಮೂವತ್ತೊಂದು ವರ್ಷ ಕೊಳ್ಳಾಗ ಜೋತಾಡತಿತ್ತು,
ಕರೇ ದಾರದ ಹಿತ್ತಾಳಿ ಸೀಟಿ.
ಬೆಟಗೇರಿ ಸಾಲಿ ಬಯಲಾಗ ನಾನು ಊದಿದ್ರ
ಪಾರಿವಾಳ ಏಳಬೇಕು,
ಓಡೂ ಕಾಲು ನೆಲಕ್ಕ ನೆಡಬೇಕು.
ನಮ್ಮಾಕಿ ಅಂತಿದ್ಲು:
ದೇವ್ರು ನಿಮಗ ನಾಲಿಗಿ ಕೊಟ್ಟದ್ದು ದಂಡ.

ಎಪ್ರಿಲ್‌ದಾಗ ಕಬಾಡಿ ಟೀಚರ್ ಬಂದ್ರು.
ಬ್ಯಾಸಗಿ ಶಿಬಿರ ಮಾಡೂಣ್ರಿ ಮಾಸ್ತರ,
ಆಟಿಸಂ ಇದ್ದ ಆರು ಮಂದಿ, ಇಲ್ಲದವ್ರು ಹತ್ತೊಂಬತ್ತು,
ಎಲ್ಲಾರಿಗೂ ಬಾಗಲಾ ಒಂದ.
ಆತು ಬಿಡ್ರಿ, ಅಂದೆ.
ಮತ್ತೊಂದು ಮಾತು, ಅಂದ್ರು, ನನ್ನ ಕೊಳ್ಳ ನೋಡಿ.

ಮೊದಲನೇ ದಿನ ಮರತು ಊದೇಬಿಟ್ಟೆ.
ಶ್ರೇಯಾಂಕ ಬಾಕಳೆ, ಒಂಬತ್ತು ವರ್ಷದಾಂವ,
ಎರಡೂ ಕಿವಿ ಒತ್ತಿ ಹಿಡದು
ಸುಣ್ಣದ ಗೆರಿ ಮ್ಯಾಲೆ ಕುಂತಬಿಟ್ಟ.
ಬಿಸಲು ಬೆನ್ನು ಸುಡತಿತ್ತು, ಏಳವಲ್ಲ.
ಎತ್ತಾಕ ಹೋದೆ, ಚೀರಿದ.
ಆಫ್ರೀನ್, ಹದಿನೇಳರಾಕಿ, ಬಾಯಿಲೆ ಮಾತಾಡಾಕಿಲ್ಲ,
ಒಂದು ಛತ್ರಿ ತಂದು, ಮಾರು ದೂರ ನಿಂತು,
ನೆಳ್ಳಷ್ಟ ಅವನ ಮ್ಯಾಲೆ ಚೆಲ್ಲಿದ್ಲು.
ಆಮ್ಯಾಲೆ ಫೋನಿನಾಗ ಬರದು ತೋರಿಸಿದ್ಲು:
ಅದು ಸಪ್ಪಳ ಅಲ್ಲ ಸರ್, ಏಟು.

ಸೀಟಿ ಕಪಾಟಿಗೆ ಹೋತು, ಡಸ್ಟರಿನ ಬಾಜೂಕ.
ನನ್ನ ಕೈಯಾಗ ಹಳದಿ ಟವೆಲ್.
ಎತ್ತಿದ್ರ ಓಟ, ಇಳಿಸಿದ್ರ ನಿಲ್ಲೂದು.
ಖೋ ಖೋದಾಗ ಬೆನ್ನಿಗೆ ಬಡಿಯೂದು ಬಂದ್,
ಬೇವಿನ ಟೊಂಗಿ ಮುಂದ ಇಟ್ರ ಏಳೂದು.
ಇದೇನ್ ಆಟರೀ, ಅಂತ ಮುನಿದ ಕೊಟ್ರೇಶಿ;
ನಾಕನೇ ದಿನ ಅವನ ಟೊಂಗಿ ಆರಿಸಿ ತರತಿದ್ದ.

ಎಲ್ಲಾ ಸರಿ ಹೋತು ಅನ್ನಾಂಗಿಲ್ಲ.
ತಗಡಿನ ಶೆಡ್ಡಿನ ಧಗಿ ತಾಳದ
ಎರಡ ದಿನಕ್ಕ ಬಿಟ್ಟು ಹೋದ ಸಮೀರ.
ಫ್ಯಾನ್ ತರಿಸಿ ಮನೀಗೆ ಹೋದ್ವಿ,
ಅವರ ಬಾಗಲಾ ತೆರೀಲಿಲ್ಲ.

ಶ್ರೇಯಾಂಕನ ಅವ್ವ ಗೇಟಿನ ಹೊರಗ
ಚಪ್ಪಲಿ ಬಿಚ್ಚದ ಕುಂತಿರತಿದ್ಲು,
ಕರಕೊಂಡು ಹೋಗ್ರಿ ಅಂತ ಯಾವಾಗ ಅಂತಾರೋ ಅಂತ.
ಮೂರು ಸಾಲ್ಯಾಗ ಕೇಳಿದ ಮಾತು ಅದು.
ಒಂಬತ್ತನೇ ದಿನ ನೋಡ್ತೀನಿ, ಕಟ್ಟಿ ಖಾಲಿ.
ಮೆಂತೆಪಲ್ಲೆ ತರಾಕ ಹೋಗಿದ್ಲಂತ.

ಸೀಟಿ ಇಲ್ಲದ ಬಯಲಾಗ
ಹಿಂದಿನ ಓಣಿ ಮಗ್ಗ ಕೇಳಾಕತ್ತಿತು,
ಖಟಕ್ ಖಟಕ್, ಲಾಳಿ ಹೋತು, ಲಾಳಿ ಬಂತು.
ಅದ ಗ್ವಾಡಿಗೆ ಗಲ್ಲ ಹಚ್ಚಿ ನಿಂತಿರತಿದ್ದ ಶ್ರೇಯಾಂಕ,
ಒಂದು ಮುಷ್ಟ್ಯಾಗ ಬರೇ ಚುರುಮುರಿ,
ಉಳ್ಳಾಗಡ್ಡಿ ಸೋಂಕದ್ದು.
ಇದು ಸೀಟಿಗಿಂತ ಜೋರ ಅಲ್ಲೇನವಾ, ಅಂದೆ.
ಆಫ್ರೀನ್ ಬರದ್ಲು:
ಇದು ಹೇಳಿ ಬರತೈತಿ ಸರ್.

ಕಡೀ ದಿನ ಕಪಾಟು ತೆರದಾಂವ ಅವನ.
ಎಳದು ತಗದ ಸೀಟಿ, ನನ್ನ ಎದಿ ಝಲ್ಲಂತು.
ಊದಲಿಲ್ಲ.
ಕಿವಿ ಹತ್ರ ಹಿಡದು ಮೆಲ್ಲಕ ಅಲ್ಲಾಡಿಸಿದ,
ಒಳಗಿನ ಗುಂಡು ಉಳ್ಳಿತು, ಗುಳು ಗುಳು,
ಮತ್ತೊಮ್ಮೆ, ಮತ್ತೊಮ್ಮೆ.
ನನ್ನ ಕಿವಿಗೂ ಹಿಡದ.
ಮೂವತ್ತೊಂದು ವರ್ಷ ನಂದ ಇತ್ತು,
ಅದರಾಗ ಇಷ್ಟು ಸಣ್ಣ ದನಿ ಇತ್ತಂತ ನನಗ ಗೊತ್ತಿರಲಿಲ್ಲ.

ಕಿಸೇದಾಗ ಹಾಕ್ಕೊಂಡು ಹೋದ.
ನಾನೂ ಕೇಳಲಿಲ್ಲ.

ಸಾಲಿ ಶುರುವಾತು. ನಾನೂರು ಹುಡುಗ್ರು, ಗದ್ದಲ,
ಹೆಡ್ ಮಾಸ್ತರ್ ದನಿ ಏರಿಸಿ ಕೇಳಿದ್ರು:
ಎಲ್ಲೈತ್ರಿ ಸೀಟಿ?
ರಜಾದ ಮ್ಯಾಲೆ ಐತ್ರಿ ಸರ್, ಅಂದೆ,
ಟವೆಲ್ ಝಾಡಿಸಿ ಮ್ಯಾಲೆ ಎತ್ತಿದೆ.
ಹಿಂದಿನ ಸಾಲಿನಾಗ ಕೊಟ್ರೇಶಿ ಒಬ್ಬನ ನಿಂತ.
ಉಳದವ್ರಿಗೆ ಇನ್ನೂ ಕಲಸಬೇಕು.