ಉಪ್ಪಿನ ಪಾಲು

ಪಾರ್ಲರಿನಲ್ಲಿ ನಾನು ಸುಳ್ಳು ಹೇಳಲಿಲ್ಲ.
"ಲೇಸರ್‌ಗೆ ಹೋಗ್ತಿದೀನಿ" ಅಂದೆ.
ಮರಿಸೆಲ್ ನಕ್ಕಳು: ಎಷ್ಟು ರಿಯಾಲು, ಎಲ್ಲಿ,
ಆಮೇಲೆ ಕೂದಲು ಬರೋದೇ ಇಲ್ಲವಂತಲ್ಲ,
ನನಗೂ ರೇಟು ಕೇಳಿ ಬಾ.
ನಿಜದ ಮೇಲೆ ನಿಜವನ್ನೇ ಹೊದೆಸಿ
ಬ್ಯಾಗು ತಗಲಿಸಿಕೊಂಡು ಹೊರಟೆ.

ಹನ್ನೊಂದು ವರ್ಷ ರೂವಿಯಲ್ಲಿ
ಹೆಂಗಸರ ಹುಬ್ಬಿಗೆ ನೂಲು ಹಾಕಿದವಳು,
ಮೇಣ ಹಚ್ಚಿ ಎಳೆದವಳು,
ಯಾರ ಮೈಯಲ್ಲಿ ಏನು ಕಂಡರೂ ಮುಖ ತಿರುಗಿಸದವಳು
ನನ್ನದನ್ನು ಮಾತ್ರ ಕೈಗನ್ನಡಿಯಲ್ಲಿ ಕಂಡು
ಕನ್ನಡಿ ಮಗುಚಿಟ್ಟೆ.

ನರಹುಲಿ.
ಹೆಸರಲ್ಲಿ ಹುಲಿ, ಗಾತ್ರ ಸಾಸಿವೆ.
ಅಂಗೈಗೆ ಬಂದರೆ ತೋರಿಸಬಹುದು,
ಕುತ್ತಿಗೆಗೆ ಬಂದರೆ ಸೆರಗು ಹೊದೆಯಬಹುದು.
ಅಜ್ಜಿ ಇದ್ದಿದ್ದರೆ ಕುದುರೆ ಬಾಲದ ಕೂದಲು ಕಟ್ಟುತ್ತಿದ್ದಳು,
ಎಣಿಸಬೇಡ ಕೂಸೇ, ಎಣಿಸಿದರೆ ಹೆಚ್ಚುತ್ತದೆ,
ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕಿ ತಿರುಗಿ ನೋಡದೆ ಬಾ,
ಅದು ಕರಗಿದ ಹಾಗೆ ಇದೂ, ಅನ್ನುತ್ತಿದ್ದಳು.
ಎಲ್ಲಿ ಬಂದಿದೆ ಅಂತ ಅವಳಿಗೆ
ಯಾವ ಬಾಯಲ್ಲಿ ಹೇಳುತ್ತಿದ್ದೆ?

ಡಾಕ್ಟರು ಈಜಿಪ್ಟಿನವಳು. ನಾಲಿಗೆಗೆ ಪಕಾರ ಬಾರದು.
"ಬಂಕಜಾ, ಕಾಲು ಸಡಿಲ ಬಿಡು."
ಎಣಿಸಿದಳು. ಗಟ್ಟಿಯಾಗಿ. ಅರಬಿಯಲ್ಲಿ.
ಸಬಾ, ಅಂದರೆ ಏಳು, ಅಲ್ಲಿಗೆ ನಿಲ್ಲಿಸಿದಳು.
ಹಸಿರು ಕನ್ನಡಕ, ಅವಳಿಗೊಂದು ನನಗೊಂದು,
ಸುತ್ತ ಒದ್ದೆ ಬಟ್ಟೆ, ಸೂಜಿಯ ಚುಚ್ಚು,
ಆಮೇಲೆ ಹೊಗೆ ಎಳೆಯುವ ಕೊಳವೆಯ ಸದ್ದು,
ಡ್ರೈಯರಿಗೆ ಕೂದಲು ಸಿಕ್ಕಿ ಸುಟ್ಟ ವಾಸನೆ.
ದಿನಾ ಮೂಸುವ ವಾಸನೆ ಅದು. ಸ್ವಲ್ಪ ಧೈರ್ಯ ಬಂತು.

ಕೊನೆಗೆ, ಚಪ್ಪಲಿ ಹುಡುಕುತ್ತ, ಕೇಳಿದೆ: ಯಾರಿಂದ?
ಹೇಳಲಾಗದು ಅಂದಳು. ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ,
ನಿನ್ನಲ್ಲೋ, ಅವನಲ್ಲೋ, ಮದುವೆಗೆ ಮೊದಲಿನದೋ.
ಹೋದದ್ದು ಮತ್ತೆ ಬರಲೂಬಹುದು.
ಅವನನ್ನೂ ಕರೆದುಕೊಂಡು ಬಾ.

ದುಕ್ಮ್ ಬಂದರಿನಲ್ಲಿ ಕ್ರೇನಿನ ಮೇಲೆ ಕೂತವನಿಗೆ
ಮೆಸೇಜು ಬರೆದೆ, ಅಳಿಸಿದೆ, ಬರೆದೆ:
ಗುರುವಾರ ಬಂದಾಗ ಒಂದು ಮಾತಿದೆ.
ಎರಡು ಗೀಟು ನೀಲಿಯಾದವು.
"ಮೀನು ತರಲಾ?"

ರಾತ್ರಿ ಬಚ್ಚಲಿನಲ್ಲಿ ಬಟ್ಟೆ ನೆನೆಸುವ ಟಬ್ಬು,
ಉಗುರುಬೆಚ್ಚಗಿನ ನೀರು, ಹಿಡಿ ಉಪ್ಪು,
ದಿನಕ್ಕೆ ಮೂರು ಸಲ ಕೂರಬೇಕಂತೆ.
ಉರಿಯಿತು. ಹಲ್ಲು ಕಚ್ಚಿದೆ.
ಕಚ್ಚಿದ ಹಲ್ಲಿನ ನಡುವೆಯೇ ನಗು ಬಂತು.
ಅಜ್ಜೀ, ಉಪ್ಪಿನ ಪಾಲು ಸಂದಿತು,
ಬೆಲ್ಲ ಬಾಕಿ.
ಕೆಳಗೆ ಮಲಯಾಳಿ ಅಂಗಡಿ
ಹನ್ನೆರಡರ ತನಕ ತೆರೆದಿರುತ್ತದೆ.